ಖಂಡೇನವಮಿಯ ಚಾವಿ

ಖಂಡೇನವಮಿಯ ದಿನ ನಮ್ಮ ಕಡೆ ಕಬ್ಬಿಣಕ್ಕೆ ಬಿಡುವು. ನೇಗಿಲಿನ ಕುಳ, ಕುಡುಗೋಲು, ಬಡಿಗನ ಉಳಿ, ಕಮ್ಮಾರನ ಸುತ್ತಿಗೆ ಎಲ್ಲವೂ ಮಿಂದು, ಕುಂಕುಮ ಹಚ್ಚಿಸಿಕೊಂಡು, ದೇವರ ಮುಂದೆ ಮಲಗಿರುತ್ತವೆ. ವರ್ಷವೆಲ್ಲ ಅವು ಮನುಷ್ಯನ ಮಾತು ಕೇಳಿವೆ. ಆ ಒಂದು ದಿನ ಮನುಷ್ಯ ಅವುಗಳ ಮುಂದೆ ಕೈಮುಗಿದು ನಿಲ್ಲುತ್ತಾನೆ. ಎಪ್ಪತ್ತೊಂಬತ್ತನೆಯ ಇಸವಿಯಲ್ಲಿ, ಗಬ್ಬೂರಿನಿಂದಾಚೆ ದೇವದುರ್ಗದ ದಾರಿಗಿರುವ ಒಂದು ಹಳ್ಳಿಯಲ್ಲಿ, ಒಂದೇ ಒಂದು ಕತ್ತಿಗೆ ಮಾತ್ರ ಆ ಬಿಡುವು ಸಿಗಲಿಲ್ಲ.

ಆ ಊರಿನ ಜಂಬನಗೌಡರ ವಾಡೆಯ ಮುಂದೆ ಬಿಳಿ ಅಂಬಾಸಿಡರ್ ಕಾರೊಂದು ನಿಲ್ಲುತ್ತಿತ್ತು. ಹೈದರಾಬಾದಿನ ಅಧಿಕಾರಿಯೊಬ್ಬರ ಕೈಯಿಂದ ಕೊಂಡದ್ದು. ಅದರ ಜೊತೆ ಬಂದದ್ದು ಒಂದೇ ಚಾವಿ. ಹನ್ನೆರಡು ವರ್ಷ ತಿರುಗಿ ತಿರುಗಿ ಅದರ ಹಲ್ಲುಗಳು ಮುದುಕಿಯ ಹಲ್ಲಿನಂತೆ ಸವೆದಿದ್ದವು, ನಡು ತೆಳ್ಳಗಾಗಿತ್ತು. ರಾಯಚೂರಿಗೆ ಹೋಗಿ ಹೊಸದೊಂದು ಮಾಡಿಸಿಕೊಂಡು ಬರೋಣವೆಂದು ಡ್ರೈವರ್ ಪರಮಣ್ಣ ಎರಡು ಸಲ ಕೇಳಿಕೊಂಡಿದ್ದ. ಗೌಡರು ಒಪ್ಪಿರಲಿಲ್ಲ. ಆ ಚಾವಿ ಮನೆಗೆ ಬಂದ ವರ್ಷವೇ ಅವರಿಗೆ ಗಂಡುಮಗುವಾಗಿತ್ತು, ಹೊಲದ ವ್ಯಾಜ್ಯವನ್ನೂ ಗೆದ್ದಿದ್ದರು. ದಿನಾ ಅದನ್ನು ದೇವರ ಜಗಲಿಯ ಮೇಲೆ ಲಕ್ಷ್ಮಿಯ ಪಾದದ ಬಳಿ ಇಡುತ್ತಿದ್ದರು. ಇಟ್ಟು ಇಟ್ಟು ಅವರಿಗೆ ಅದು ಚಾವಿಯಾಗಿ ಉಳಿದಿರಲಿಲ್ಲ, ಲಕ್ಷ್ಮಿಯೇ ಆಗಿತ್ತು.

ಆ ಬೆಳಿಗ್ಗೆ ಪರಮಣ್ಣ ಕಾರನ್ನು ತೊಳೆದು ವಾಡೆಯ ಬಾಗಿಲಿಗೆ ತಂದು ನಿಲ್ಲಿಸಿದ್ದ. ಪೂಜೆ ಮುಗಿಸಿ ಮಾನ್ವಿಗೆ ಹೊರಡುವುದಿತ್ತು. ಮರುದಿನ ಬನ್ನಿ ಕೊಡುವ ಹೊತ್ತಿಗೆ ಅಲ್ಲಿ ಗೌಡರ ಮಗಳ ನಿಶ್ಚಯ. ಬೀಗರಿಗೆ ಸ್ವಂತ ಕಾರಿನಲ್ಲಿ ಬರುತ್ತೇನೆಂದು ಗೌಡರು ತಿಂಗಳಿನಿಂದ ಹೇಳಿ ಕಳಿಸಿದ್ದರು. ಕಾರಿನ ಮುಂದೆ ಪೂಜೆಯ ತಾಟು ಇಟ್ಟಿದ್ದರು: ಎಲೆ, ಅಡಿಕೆ, ಚೆಂಡುಹೂವು, ಬೆಲ್ಲ. ಅದೇ ಹೊತ್ತಿಗೆ ಕುರಿ ಹಿಂಡು ಬಂತು.

ಹಿಂಡು ಬೂದೆಪ್ಪನದು. ಗೊಬ್ಬರಕ್ಕೆಂದು ಗೌಡರ ಹೊಲದಲ್ಲೇ ಮೂರು ದಿನ ಅದನ್ನು ತರುಬಿದ್ದರು. ಬೂದೆಪ್ಪ ಮತ್ತು ಅವನ ಅಕ್ಕ ಬಂಡೆಮ್ಮ ನೀರಿಗೆ ಹೊಡೆದುಕೊಂಡು ಹೊರಟಿದ್ದರು. ಹಸಿರೆಲೆ ಕಂಡ ಕುರಿಗಳಿಗೆ ದೇವರ ತಾಟೆಂದೇನು ಗೊತ್ತು? ನಾಲ್ಕಾರು ತಲೆಗಳು ಒಟ್ಟಿಗೆ ತಾಟಿನೊಳಗೆ ಹೋದವು. ಹೊಡೆದು ಓಡಿಸುವಷ್ಟರಲ್ಲಿ ಎಲೆಯಿಲ್ಲ, ಹೂವಿಲ್ಲ, ಬೆಲ್ಲವಿಲ್ಲ.

ಚಾವಿ ಎಲ್ಲಿ ಎಂದು ಗೌಡರು ಕೇಳಿದರು.

ಪರಮಣ್ಣ ಖಾಲಿ ತಾಟಿನ ಕಡೆ ನೋಡಿ, ತಾಟಿನಲ್ಲಿಟ್ಟಿದ್ದೆ, ಕುರಿ ತಿಂದಿತು ಅಂದ. ಯಾವ ಕುರಿ ಎಂದು ಕೇಳಿದಾಗ, ಹಣೆಯ ಮೇಲೆ ಬಿಳಿ ಚುಕ್ಕಿ ಇದ್ದದ್ದು ಅಂದ.

ಹಿಂಡಿನಲ್ಲಿ ಹಣೆಗೆ ಬಿಳಿ ಚುಕ್ಕಿ ಇದ್ದ ಕುರಿಗಳು ಹನ್ನೊಂದು. ಹನ್ನೊಂದೂ ಬಂಡೆಮ್ಮನವು. ಗಂಡ ಸತ್ತ ಮೇಲೆ ಅತ್ತೆಮನೆಯವರು ಅವಳ ಉಡಿಗೆ ಒಂದು ಹೆಣ್ಣುಮರಿ ಹಾಕಿ ಕಳಿಸಿದ್ದರು. ಆ ಒಂದು ಮರಿಯಿಂದ, ಒಂಬತ್ತು ವರ್ಷದಲ್ಲಿ ಆದದ್ದು ಅಷ್ಟು. ಅವು ಇರುವವರೆಗೆ ತಮ್ಮನ ಹಟ್ಟಿಯಲ್ಲಿ ಅವಳು ಅಕ್ಕ. ಅವು ಹೋದರೆ ತಮ್ಮನ ಹೆಂಡತಿ ನೀಡಿದಾಗ ಉಣ್ಣುವ ಒಂದು ಬಾಯಿ. ಇದು ಅವಳಿಗೂ ಗೊತ್ತಿತ್ತು, ತಮ್ಮನಿಗೂ ಗೊತ್ತಿತ್ತು. ಇಬ್ಬರೂ ಒಂದು ದಿನವೂ ಆ ಮಾತು ಆಡಿದವರಲ್ಲ.

ಎರಡು ದಿನ ಕಟ್ಟಿ ಹಾಕೋಣ, ಹಿಕ್ಕೆಯಲ್ಲಿ ಬಿದ್ದರೂ ಬಿದ್ದೀತು ಎಂದು ಬೂದೆಪ್ಪ ಕೈಮುಗಿದ. ಗೌಡರ ಕೈಯಲ್ಲಿ ಕಾರಿನ ಹ್ಯಾಂಡಲ್ ಇತ್ತು. ಇಂಜಿನ್ನು ತಿರುವುವ ಆ ಕಬ್ಬಿಣಕ್ಕೂ ಆಗತಾನೆ ಕುಂಕುಮ ಹಚ್ಚಿದ್ದರು. ಅದನ್ನು ಅಡ್ಡ ಹಿಡಿದು ಅವನ ಬಾಯಿಗೆ ಬಾರಿಸಿದರು. ಮುಂದಿನ ಎರಡು ಹಲ್ಲು ಹೋದವು. ಆಳುಗಳು ಅವನನ್ನು ಬಂಡಿಯ ಗಾಲಿಗೆ ಕಟ್ಟಿದರು. ಹಣೆಚುಕ್ಕಿಯ ಹನ್ನೊಂದನ್ನೂ ಬೇವಿನ ಮರಕ್ಕೆ ಕಟ್ಟಿ, ಒಂದೊಂದಾಗಿ ಕೊಯ್ದು ಹೊಟ್ಟೆ ಸೀಳಿ ನೋಡತೊಡಗಿದರು.

ಬೇರೆ ಚಾವಿ ಮಾಡಿಕೊಡಲು ಊರ ಕಮ್ಮಾರನಿಗೆ ಹೇಳಿ ಕಳಿಸಿದ್ದರು. ಆಯುಧಗಳೆಲ್ಲ ಪೂಜೆಗೆ ಕೂತಿವೆ, ಇವತ್ತು ಎತ್ತುವಂತಿಲ್ಲ ಎಂದು ಅವನು ಬರಲಿಲ್ಲ. ಆಗ ಒಬ್ಬ ಆಳು ಫಟಫಟಿ ಹತ್ತಿ ರಾಯಚೂರಿಗೆ ಹೋಗಿ, ತೀನ್ ಕಂದೀಲ್ ಚೌಕದ ಹತ್ತಿರ ಗೋಡೆಯ ನೆರಳಿಗೆ ಕೂತು ಚಾವಿ ಮಾಡುವ ಮೌಲಾಹುಸೇನನನ್ನು ಹಿಂದೆ ಕೂರಿಸಿಕೊಂಡು ಬಂದ.

ಮೌಲಾಹುಸೇನನಿಗೆ ಐವತ್ತು ದಾಟಿತ್ತು. ಐದು ಹೊತ್ತಿನ ನಮಾಜು ಬಿಟ್ಟವನಲ್ಲ. ಯಾರಿಗೂ ಕೆಡುಕು ಬಯಸದವನು ಎಂದು ಅವನ ಓಣಿಯವರೆಲ್ಲ ಹೇಳುತ್ತಿದ್ದರು. ಅವನು ಬಂದಿಳಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಬೇವಿನ ಕೆಳಗೆ ಐದು ಕುರಿಗಳು ಸಾಲಾಗಿ ಬಿದ್ದಿದ್ದವು. ಆಳೊಬ್ಬ ಐದನೆಯದರ ಹೊಟ್ಟೆಯೊಳಗೆ ಮೊಣಕೈವರೆಗೆ ಕೈ ಇಳಿಸಿ, ಅರೆದ ಹುಲ್ಲನ್ನು ಹಿಂಡಿ ಹಿಂಡಿ ನೆಲಕ್ಕೆ ಬಿಡುತ್ತಿದ್ದ. ನೊಣಗಳು ಗುಂಯ್ಗುಡುತ್ತಿದ್ದವು. ಉಳಿದ ಆರು ಕುರಿಗಳ ನಡುವೆ ಬಂಡೆಮ್ಮ ಕಾಲು ಚಾಚಿ ಕೂತಿದ್ದಳು. ಅತ್ತು ಮುಗಿದ ಮುಖ.

ಗೌಡರು ಅವನಿಗೆ ಕಾರು ತೋರಿಸಿದರು. "ಕಾರು ಚಾಲೂ ಆದ ಗಳಿಗ್ಯಾಗ ಕೊಯ್ಯಾದು ನಿಲ್ಲಸ್ತೀನಿ. ಅಲ್ಲೀತನಕ ಬಿಡಾಂಗಿಲ್ಲ. ಚಾವಿ ಇವುಗಳ ಹೊಟ್ಯಾಗಿಂದರ ಬರಲಿ, ನಿನ್ನ ಕೈಯಾಗಿಂದರ ಬರಲಿ."

ಕಾರಿನ ಕಡೆ ನಡೆಯುವಾಗ ಬಂಡೆಮ್ಮ ಅವನ ಅಂಗಿಯ ತುದಿ ಹಿಡಿದಳು.

"ಸಾಬಣ್ಣ, ಲಗೂನ ಮಾಡೋ ಯಪ್ಪಾ. ಇನ್ನ ಆರು ಅದಾವು."

ಅವನು ಅಲ್ಲಾನ ಹೆಸರು ಹೇಳಿ ಸೀಟಿನಲ್ಲಿ ಕೂತ. ಸಾಮಾನಿನ ಗಂಟು ಬಿಚ್ಚಿ, ಹಲ್ಲಿಲ್ಲದ ಖಾಲಿ ಚಾವಿಯೊಂದನ್ನು ಆರಿಸಿ ಬೀಗದೊಳಗೆ ತೂರಿಸಿದ. ಅದು ಅರ್ಧಕ್ಕೆ ಹೋಗಿ ನಿಂತಿತು. ತೆಗೆದು ಮತ್ತೆ ತೂರಿಸಿದ. ಮತ್ತೆ ಅಲ್ಲಿಯೇ ನಿಂತಿತು. ಮೂವತ್ತು ವರ್ಷ ಇದೇ ಕೆಲಸ ಮಾಡಿದ ಬೆರಳುಗಳವು. ಹಿತ್ತಾಳೆಗೆ ಹಿತ್ತಾಳೆ ತಗಲುತ್ತಿದೆಯೆಂದು ಅವಕ್ಕೆ ತಿಳಿಯಿತು. ಎರಡು ಹನಿ ಎಣ್ಣೆ ಬಿಟ್ಟು, ಕೊಡೆಯ ಕಡ್ಡಿ ತಟ್ಟಿ ಮಾಡಿದ ಸಣ್ಣ ಕೊಕ್ಕೆಯನ್ನು ಒಳಗಿಳಿಸಿ, ಉಸಿರು ಹಿಡಿದು ಎಳೆದ. ಅಂಗೈಗೆ ಬಂದು ಬಿದ್ದದ್ದು ಹಳೆಯ ಚಾವಿಯ ಮುಂದಿನ ತುಂಡು. ಸವೆದ ಹಲ್ಲು, ಸಂದಿಯಲ್ಲಿ ಕುಂಕುಮದ ಪುಡಿ. ಮುರಿದ ಜಾಗ ಮಾತ್ರ ಹೊಸ ಬಂಗಾರದಂತೆ ಹೊಳೆಯುತ್ತಿತ್ತು.

ಅವನು ತಲೆಯೆತ್ತಿದ. ಕಿಟಕಿಯ ಬಳಿ ಪರಮಣ್ಣ ಕುಡಿಯುವ ನೀರಿನ ತಂಬಿಗೆ ಹಿಡಿದು ನಿಂತಿದ್ದ.

ಮುಂಜಾನೆ ಕಾರು ನಿಲ್ಲಿಸಿ ಚಾವಿ ಹಿಂದಕ್ಕೆ ತಿರುವುವಾಗ ಮುರಿಯಿತೆಂದು ಪರಮಣ್ಣ ತುಟಿ ಅಲುಗಿಸದೆ ಹೇಳಿದ. ಕೈಗೆ ಬಂದ ಹಿಡಿಯನ್ನು ಬಾವಿಗೆ ಎಸೆದಿದ್ದ. ಗೌಡರು ಕೇಳಿದಾಗ ಎದುರಿಗಿದ್ದದ್ದು ಕುರಿ, ಬಾಯಿಗೆ ಬಂದದ್ದೂ ಕುರಿ. ಇಷ್ಟು ಮುಂದಕ್ಕೆ ಹೋಗುತ್ತದೆಂದು ಅಂದುಕೊಂಡಿರಲಿಲ್ಲ.

"ಹೇಳಬ್ಯಾಡ ಚಾಚಾ," ಅಂದ. "ಹ್ವಾದ ವರ್ಷ ಒಂದು ಟೈರಿನ ಸಲುವಾಗಿ ಆಳಿನ ಮೊಣಕಾಲು ಒಡದಾನ. ಲಕ್ಷ್ಮೀನ ಮುರದೀನಿ ಅಂದ್ರ ನನ್ನ ಜೀವಂತ ಬಿಡಾಂಗಿಲ್ಲ. ಎರಡು ಹೆಣ್ಣು ಹುಡುಗೀರು ಅದಾವು ನನಗ."

ಬಂಡಿಯ ಗಾಲಿಗೆ ತಲೆ ಒರಗಿಸಿದ್ದ ಬೂದೆಪ್ಪನ ಬಾಯಿಯಿಂದ ರಕ್ತದ ಎಳೆ ಎದೆಯವರೆಗೆ ಇಳಿದು ಒಣಗಿತ್ತು. ಮೌಲಾಹುಸೇನ ಅದನ್ನು ನೋಡಿದ. ಗೌಡರ ಕೈಯ ಹ್ಯಾಂಡಲನ್ನು ನೋಡಿದ. ತುಂಡನ್ನು ದವಡೆಯಲ್ಲಿದ್ದ ಎಲೆ ಅಡಿಕೆಯ ಪಕ್ಕಕ್ಕೆ ಒತ್ತಿಕೊಂಡ.

ದಯೆಯುಳ್ಳ ಮನುಷ್ಯನಿಗೆ ಒಮ್ಮೊಮ್ಮೆ ಎಲ್ಲರನ್ನೂ ಉಳಿಸುವ ದಾರಿಯೊಂದು ಕಂಡಂತಾಗುತ್ತದೆ. ಅವನಿಗೂ ಕಂಡಿತು. ಚಾವಿ ಬೇಗ ಮಾಡಿದರೆ ಕೊಯ್ಯುವುದು ನಿಲ್ಲುತ್ತದೆ. ಕೊಯ್ಯುವುದು ನಿಂತರೆ ಯಾರ ಹೆಸರನ್ನೂ ಹೇಳಬೇಕಾಗಿಲ್ಲ. ಆರು ಕುರಿಯೂ ಉಳಿದವು, ಒಬ್ಬ ಮನುಷ್ಯನೂ ಉಳಿದ. ಇದನ್ನು ದೇವರೇ ತೋರಿಸಿದನೆಂದು ಅವನು ನಂಬಿದ.

ಆದರೆ ಅವನ ಕಸುಬಿನಲ್ಲಿ ಒಂದು ಮಾತಿದೆ. ಮುರಿದ ತುಂಡು ಎದುರಿಗಿದ್ದರೆ ಹೊಸ ಚಾವಿ ಅರ್ಧ ತಾಸಿನ ಕೆಲಸ. ಖಾಲಿ ಚಾವಿಯನ್ನು ಅದರ ಮಗ್ಗುಲಿಗಿಟ್ಟು ಗೆರೆ ಎಳೆದು ಅರದಿಂದ ಉಜ್ಜಿದರೆ ಮುಗಿಯಿತು. ತುಂಡನ್ನು ಬಾಯಲ್ಲಿಟ್ಟುಕೊಂಡವನು ಹಾಗೆ ಮಾಡುವಂತಿಲ್ಲ. ಅವನು ಸೀಮೆಎಣ್ಣೆ ಬುಡ್ಡಿಯ ಹೊಗೆಗೆ ಖಾಲಿ ಚಾವಿ ಹಿಡಿದು ಮಸಿ ಬಳಿದ, ಬೀಗದೊಳಗೆ ತೂರಿಸಿ ಅಲುಗಿಸಿದ, ಹೊರತೆಗೆದು ಮಸಿ ಎಲ್ಲಿ ಅಳಿಸಿದೆಯೆಂದು ಬಿಸಿಲಿಗೆ ನೋಡಿದ. ಅಳಿಸಿದ ಕಡೆ ಕೂದಲೆಳೆಯಷ್ಟು ಉಜ್ಜಿದ. ಮತ್ತೆ ಮಸಿ, ಮತ್ತೆ ಬೀಗ. ಕಳ್ಳನಲ್ಲದವನೂ ಕಳ್ಳನಂತೆ ತಡಕುವ ಕೆಲಸವದು. ಐದು ಹಲ್ಲು ಕೂರಬೇಕು.

ಮೊದಲನೆಯ ಹಲ್ಲು ಕೂರುವ ಮುಂಚೆ ಆರನೆಯ ಕುರಿಯನ್ನು ಎಳೆದರು. ಆಡಿನಂತೆ ಕುರಿ ಅರಚುವುದಿಲ್ಲ. ಕೊರಳ ಮೇಲೆ ಮೊಣಕಾಲು ಬಿದ್ದಾಗ ಅದು ಸುಮ್ಮನೆ ಆಕಾಶ ನೋಡುತ್ತದೆ. ಕತ್ತಿ ಮೊಂಡಾಗಿತ್ತು. ಮೂರು ಸಲ ಎಳೆಯಬೇಕಾಯಿತು. ಹೊಟ್ಟೆಯಿಂದ ಬಂದದ್ದು ಹುಲ್ಲು ಮತ್ತು ಎರಡು ಚೆಂಡುಹೂವಿನ ಎಸಳು. ಹೂವು ತಿಂದದ್ದು ಇದೇ, ಚಾವಿಯೂ ಇದರಲ್ಲೇ ಇರಬೇಕೆಂದು ಆಳು ಕರುಳನ್ನೆಲ್ಲ ಬೆರಳ ನಡುವೆ ಹಿಡಿದು ಉದ್ದಕ್ಕೂ ಎಳೆದ. ಇರಲಿಲ್ಲ.

ಆಮೇಲೆ ಆ ಆಳು ಮೊಣಕೈವರೆಗಿನ ರಕ್ತದ ಕೈಯಲ್ಲೇ ಕಾರಿನ ಬಳಿ ಬಂದು, ದೊಡ್ಡ ಅರ ಕೊಡು, ಕತ್ತಿ ಮಸೀಬೇಕು ಅಂದ. ಮೌಲಾಹುಸೇನ ಅವನನ್ನೇ ನೋಡುತ್ತ ಕೂತ. ಆಳು ತಾನೇ ಕೈಹಾಕಿ ಗಂಟಿನಿಂದ ಎತ್ತಿಕೊಂಡ. ಬಾಗಿಲಿಗೆ ಒರಗಿ ನಿಂತು, ಕತ್ತಿಯನ್ನು ಆ ಕಡೆ ಈ ಕಡೆ ಎಳೆದು ಹದ ಮಾಡಿಕೊಂಡ. ಏಳನೆಯ ಕುರಿಗೆ ಒಂದೇ ಎಳೆತ ಸಾಕಾಯಿತು.

ಬಂಡೆಮ್ಮ ಆ ಕುರಿಯ ಹಿಂಗಾಲು ಹಿಡಿದುಕೊಂಡಿದ್ದಳು. ಬಿಡಿಸಲು ಆಳು ಅವಳ ಬೆರಳ ಮೇಲೆ ಕಾಲಿಟ್ಟ.

ಆಗ ಮೌಲಾಹುಸೇನ ಕೆಳಗಿಳಿದು ಬಂದು, ಇನ್ನು ಎರಡು ಹಲ್ಲಷ್ಟೇ ಉಳಿದಿವೆ, ಇದು ಕಣ್ಣೆದುರು ನಡೆದರೆ ಕೆಲಸ ಸಾಗುವುದಿಲ್ಲ, ಒಂದು ಬೀಡಿ ಸೇದುವಷ್ಟು ಹೊತ್ತು ನಿಲ್ಲಿಸಿ ಎಂದು ಬೇಡಿಕೊಂಡ. ಗೌಡರು ಹ್ಯಾಂಡಲಿನಿಂದ ಅವನ ಭುಜಕ್ಕೆ ಹಾಕಿದರು. ಅವನು ರಕ್ತದ ಕೆಸರಿನಲ್ಲಿ ಮಂಡಿಯೂರಿ ಬಿದ್ದ. ಬಾಯಲ್ಲಿದ್ದ ತುಂಡು ನಾಲಿಗೆಗೆ ಚುಚ್ಚಿ ತನ್ನದೇ ರಕ್ತದ ರುಚಿ ಬಂತು. ಉಗುಳಿಬಿಡಲೇ ಅನ್ನಿಸಿತು. ಉಗುಳಿದ್ದರೆ ಆ ಗಳಿಗೆಯಲ್ಲಿ ಎಲ್ಲ ಮುಗಿಯುತ್ತಿತ್ತು. ಅವನು ಪರಮಣ್ಣನನ್ನು ಹುಡುಕಿದ. ಪರಮಣ್ಣ ಕಾರಿನ ಹಿಂದೆ ಕೂತು, ಆಗಲೇ ತೊಳೆದಿದ್ದ ಗಾಲಿಯನ್ನು ಮತ್ತೆ ಒರೆಸುತ್ತಿದ್ದ.

"ನೀನಽ ಹೇಳಲೇ," ಎಂದು ಹತ್ತಿರ ಹೋಗಿ ಪಿಸುಗುಟ್ಟಿದ. "ನಿನ್ನ ಬಾಯಿಲೆ ಹೇಳಿದ್ರ ಒಂದೀಟು ಕಡಿಮಿ ಆಗತದ."

ಪರಮಣ್ಣ ಆಗುವುದಿಲ್ಲವೆಂದು ತಲೆ ಅಲ್ಲಾಡಿಸಿದ.

ಮೌಲಾಹುಸೇನ ಮತ್ತೆ ಸೀಟಿಗೆ ಹೋಗಿ ಕೂತ. ಭುಜ ಎತ್ತಲಾಗುತ್ತಿರಲಿಲ್ಲ. ನಾಲ್ಕನೆಯ ಹಲ್ಲಿಗೆ ಅರ ಜಾರಿ ಒಂದೆಳೆ ಹೆಚ್ಚು ತಿಂದಿತು. ಆ ಚಾವಿ ಕೆಟ್ಟಿತು. ಬೇರೊಂದು ಖಾಲಿ ಚಾವಿ ತೆಗೆದು ಮೊದಲಿನಿಂದ ಶುರುಮಾಡಿದ. ಆ ಹೊತ್ತಿಗೆ ಎಂಟನೆಯದು ಹೋಯಿತು. ಅದು ಗಬ್ಬದ ಕುರಿ. ಹೊಟ್ಟೆ ಸೀಳಿದ ಆಳು ಒಂದು ಕ್ಷಣ ಕೈ ಹಿಂದಕ್ಕೆ ತೆಗೆದುಕೊಂಡ. ಒಳಗಿದ್ದ ಮರಿಗೆ ಕೂದಲು ಮೂಡಿತ್ತು, ಹಣೆಯ ಮೇಲೆ ಚುಕ್ಕಿಯೂ ಮೂಡಿತ್ತು. ಬಂಡೆಮ್ಮ ಎದ್ದು ಬಂದು ಅದನ್ನು ತನ್ನ ಸೆರಗಿನಲ್ಲಿ ಸುತ್ತಿ, ಆಚೆ ನೆರಳಿಗೆ ಇಟ್ಟು ಬಂದಳು. ಅವಳ ಮೇಲೆ ಯಾರೂ ಕೈಮಾಡಲಿಲ್ಲ.

ಒಂಬತ್ತನೆಯದು ಮುದಿ ಕುರಿ. ಅವಳ ಉಡಿಗೆ ಬಿದ್ದಿದ್ದ ಆ ಮೊದಲ ಮರಿ. ಅದನ್ನು ಕೆಡವಿ ಕೊರಳಿಗೆ ಮೊಣಕಾಲು ಕೊಟ್ಟಾಗ ಕಾರಿನ ಇಂಜಿನ್ನು ಎರಡು ಸಲ ಕೆಮ್ಮಿ ಚಾಲೂ ಆಯಿತು.

ಗೌಡರು ಕೈ ಎತ್ತಿದರು. ಆಳು ಎದ್ದು ನಿಂತ. ಮುದಿ ಕುರಿ ಕೊಡವಿಕೊಂಡು ಎದ್ದು, ಏನೂ ಆಗಿಲ್ಲವೆಂಬಂತೆ ಬೇವಿನ ಎಲೆಯೊಂದಕ್ಕೆ ಬಾಯಿ ಹಾಕಿತು.

ಹೊಸ ಚಾವಿಗೆ ಕುಂಕುಮ ಹಚ್ಚಿದರು. ಗೌಡರ ಮುಖ ಅರಳಿತ್ತು. ಗಾಲಿಗೆ ಬಲಿ ಕೊಟ್ಟಂತಾಯಿತು, ಹಳೆಯ ಲಕ್ಷ್ಮಿ ಎಂಟು ತಲೆ ಕೇಳಿ ಹೋದಳು ಅಂದುಕೊಂಡರು. ಕೊಯ್ದ ಕುರಿಗಳನ್ನು ಕೇರಿಗೆಲ್ಲ ಹಂಚಲು ಹೇಳಿ, ಹೆಂಡತಿ ಮಗಳನ್ನು ಹಿಂದೆ ಕೂರಿಸಿಕೊಂಡು ಮಾನ್ವಿಗೆ ಹೊರಟರು. ನಡೆಸುತ್ತಿದ್ದವನು ಪರಮಣ್ಣ. ಕಾರು ರಕ್ತದ ಮೇಲೆ ಹಾದು ಹೋಯಿತು. ದಾರಿಯ ಧೂಳಿನಲ್ಲಿ ಸ್ವಲ್ಪ ದೂರದವರೆಗೆ ಎರಡು ಕೆಂಪು ಪಟ್ಟಿಗಳು ಕಂಡವು. ಆಮೇಲೆ ಬರೀ ಧೂಳು.

ಜನ ಬೋಗುಣಿ ಹಿಡಿದು ಬರತೊಡಗಿದರು. ಬಂಡೆಮ್ಮ ತಮ್ಮನ ಕಟ್ಟು ಬಿಚ್ಚಿ, ಮುಖಕ್ಕೆ ನೀರು ಹಾಕಿ, ಉಳಿದ ಮೂರು ಕುರಿಗಳನ್ನು ಹಿಡಿದುಕೊಂಡು ಅವನೊಡನೆ, ಹಿಂಡು ಚದುರಿ ಮೇಯುತ್ತಿದ್ದ ಊರ ಹೊರಗಿನ ಕಟ್ಟೆಯತ್ತ ನಡೆದಳು. ಫಟಫಟಿಯವನು ಹತ್ತು ಎಂದರೂ ಮೌಲಾಹುಸೇನ ಹತ್ತಲಿಲ್ಲ. ಗಂಟು ಹೊತ್ತು ಅವರ ಹಿಂದೆಯೇ ಹೋದ. ಎದೆಯಲ್ಲಿ ಹೊರಲಾಗದ್ದೊಂದು ಇದ್ದಾಗ ಮನುಷ್ಯ ಅದನ್ನು ದೇವರ ಮುಂದೆ ಇಳಿಸಬಹುದು. ಆದರೆ ಅದು ದೇವರಿಗೆ ಸೇರಿದ್ದಲ್ಲವೆಂದು ಗೊತ್ತಿದ್ದರೆ, ಯಾರಿಗೆ ಸೇರಿದ್ದೋ ಅವರ ಬಾಗಿಲಿಗೇ ಹೋಗಬೇಕು.

ಕಟ್ಟೆಯ ಬಳಿ ಬಾಯಿಂದ ಆ ತುಂಡನ್ನು ತೆಗೆದು, ಅಂಗಿಗೆ ಒರೆಸಿ, ಬಂಡೆಮ್ಮನ ಮುಂದೆ ಹಿಡಿದ. ಕುರಿ ತಿಂದಿರಲಿಲ್ಲ, ಬೀಗದೊಳಗೆ ಮುರಿದಿತ್ತು ಎಂದು ಹೇಳಿದ. ಪರಮಣ್ಣನ ಹೆಸರನ್ನೂ ಹೇಳಿದ.

ಬಂಡೆಮ್ಮ ತುಂಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಯಾವಾಗ ಸಿಕ್ತು ನಿನಗ?"

"ಬಂದು ಕುಂತ ಕೂಡಲೇ, ಯವ್ವಾ."

"ಆವಾಗ ಎಷ್ಟು ಇದ್ವು?"

"ಆರು."

"ಈಗ?"

ಮೂರೂ ಅವಳ ಹಿಂದೆಯೇ ನಿಂತಿದ್ದವು.

ಬಂಡೆಮ್ಮ ಕುರಿ ಕಾಯುವ ಕೋಲು ಎತ್ತಿಕೊಂಡಳು. ಅದು ಜಾಲಿಯ ಕೋಲು. ತೋಳ ಬಂದರೆ ತೋಳಕ್ಕೆ ಹಾಕುವಂಥದ್ದು. ಮೊದಲನೆಯ ಏಟು ಬೆನ್ನಿಗೆ ಬಿತ್ತು. ಎರಡನೆಯದು ತೊಡೆಗೆ. ಅವನು ಓಡಲಿಲ್ಲ, ಕೂಗಲಿಲ್ಲ. ಮೂರನೆಯದಕ್ಕೆ ಮಾತ್ರ ಮನುಷ್ಯನ ಮೈ ತಾನಾಗಿಯೇ ಮಾಡುವಂತೆ ಬಲಗೈ ತಲೆಗೆ ಅಡ್ಡ ಬಂತು. ಮುಂಗೈಯ ಎಲುಬು ಒಣ ಕಟ್ಟಿಗೆಯಂತೆ ಮುರಿದ ಸದ್ದು ಬೂದೆಪ್ಪನಿಗೂ ಕೇಳಿಸಿತು.

ನಾಲ್ಕನೆಯದನ್ನು ಅವಳು ಹಾಕಲಿಲ್ಲ. ಕೋಲು ಕೆಳಗಿಟ್ಟಳು.

ಕೊಯ್ದವರು ಗೌಡರು, ಈ ಸಾಬಣ್ಣನಿಗೆ ಯಾಕ ಹೊಡದಿ ಎಂದು ಬೂದೆಪ್ಪ ಒಡೆದ ಬಾಯಲ್ಲಿ ತೊದಲಿದ. ಅವಳು ತಮ್ಮನ ಕಡೆ ತಿರುಗದೆಯೇ ಹೇಳಿದಳು: "ಗೌಡ ಕೊಯ್ಯಾಂವ, ಕೊಯ್ದ. ಇಂವ ಉಳಸಬೇಕಾದಾಂವ."

ಮೌಲಾಹುಸೇನ ನೆಲದ ಮೇಲೆ ಕೂತು ಮುರಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಬಂಡೆಮ್ಮ ಕಂಬಳಿಯ ಗಂಟು ಬಿಚ್ಚಿ, ಕುರಿಯ ಕಾಲು ಮುರಿದರೆ ಕಟ್ಟಲು ಇಟ್ಟುಕೊಳ್ಳುವ ಬಿದಿರ ದಬ್ಬೆಗಳನ್ನೂ ಉಣ್ಣೆಯ ಹುರಿಯನ್ನೂ ಹೊರತೆಗೆದಳು. ಅವನ ಮುಂಗೈ ಹಿಡಿದು, ಹೆಬ್ಬೆರಳಿನಿಂದ ಎಲುಬಿನ ತುದಿ ಹುಡುಕಿ, ಒಮ್ಮೆಲೇ ಎಳೆದು ಕೂರಿಸಿದಳು. ಅವನು ಆಗ ಮಾತ್ರ ಕೂಗಿದ. ದಬ್ಬೆ ಇಟ್ಟು ಹುರಿ ಸುತ್ತಿದಳು. ಕೈ ಹಗುರವಾಗಿರಲಿಲ್ಲ, ಒರಟೂ ಆಗಿರಲಿಲ್ಲ. ಪ್ರಾಣಿಗೆ ಹೇಗೆ ಕಟ್ಟುತ್ತಾರೋ ಹಾಗೆ ಕಟ್ಟಿದಳು.

"ಇಪ್ಪತ್ತೊಂದು ದಿನ ಬಿಚ್ಚಬ್ಯಾಡ. ಅರ ಹಿಡಿಬ್ಯಾಡ," ಅಂದಳು. "ಕೂಡತದ."

ಅವನು ಎಡಗೈಯಿಂದ ಗಂಟು ಎತ್ತಿಕೊಂಡು ಎದ್ದ. ಹೋಗುವ ಮುಂಚೆ, ಆ ತುಂಡನ್ನು ಏನು ಮಾಡುತ್ತೀ ಎಂದು ಕೇಳಿದ. ಪರಮಣ್ಣನಿಗೆ ಇಬ್ಬರು ಹೆಣ್ಣುಮಕ್ಕಳಿರುವುದನ್ನೂ ಹೇಳಿದ.

ಬಂಡೆಮ್ಮ ಚಾವಿಯ ತುಂಡನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಗಂಟನ್ನು ಹಲ್ಲಿನಿಂದ ಬಿಗಿದಳು.

"ನಿನ್ವು ಮೂರು ಕುರಿ ಇದ್ವು, ಮೂರು ಏಟಿಗೆ ಮುಗದ್ವು. ಐದು ಉಳದಾವು. ಅವು ಯಾರವು ಅಂಬೋದು ಆ ಪರಮಣ್ಣಗ ಗೊತ್ತದ. ಮಾನ್ವಿಯಿಂದ ಬರಲಿ."

ಮೌಲಾಹುಸೇನ ಗಬ್ಬೂರಿನ ಬಸ್ಸಿಗೆಂದು ನಡೆದ. ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡಿದ. ಬೂದೆಪ್ಪ ತನ್ನ ಹಿಂಡನ್ನು ಹೊಡೆದುಕೊಂಡು ನೀರಿಗೆ ಹೊರಟಿದ್ದ. ಬಂಡೆಮ್ಮ ಹೋಗಿರಲಿಲ್ಲ. ಮೂರು ಕುರಿಗಳನ್ನು ಮಗ್ಗುಲಲ್ಲಿ ಮೇಯಲು ಬಿಟ್ಟು, ಕೋಲನ್ನು ಮೊಣಕಾಲಿನ ಮೇಲೆ ಅಡ್ಡ ಇಟ್ಟುಕೊಂಡು, ಕಾರು ಹೋದ ದಾರಿಗೆ ಮುಖ ಮಾಡಿ ಕಟ್ಟೆಯ ಮೇಲೆ ಕೂತಿದ್ದಳು.